ಕೊರಳಪಟ್ಟಿ

ಹತ್ತೂಮುಕ್ಕಾಲಿಗೆ ಪರದೆ ಬಿಳುಚಿಕೊಂಡಿತು.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಮುನ್ನೂರ ಹನ್ನೆರಡು ಲಾಟು, ಹಳದಿ, ಬಿಳಿ,
ನಡುವೆ ಮೊಬೈಲು ಎತ್ತಿ ಹಿಡಿದ ರೀಲರುಗಳು,
ಎಲ್ಲರ ಕೈಯಲ್ಲೂ ಒಂದೇ ಚಕ್ರ, ಸುತ್ತುತ್ತಾ ಸುತ್ತುತ್ತಾ,
ಒಂದೆಳೆ ನೂಲು ಬಿಚ್ಚದ ಚಕ್ರ.

‘ಏನಮ್ಮಾ ಸರ್ಕಾರ, ಏನಾಯ್ತು?’
ಅಂದರು ಅಮೀರ್‌ಜಾನ್ ಸಾಬರು.
ಮೂರು ವರ್ಷದಿಂದ ನಾನು ಅವರಿಗೆ ಸರ್ಕಾರ.
ತಿದ್ದಿಲ್ಲ. ತಿದ್ದುವುದಾದರೆ ಎಲ್ಲಿಂದ ಶುರು ಮಾಡಲಿ?
ಇಲಾಖೆ ಟೆಂಡರ್ ಕೊಟ್ಟದ್ದು ದೊಡ್ಡ ಕಂಪನಿಗೆ,
ಅದಕ್ಕೆ ಗಾಜಿನ ಕಟ್ಟಡ ಇದೆಯಂತೆ, ಒಳಗೊಂದು ಕೊಳವೂ ಇದೆಯಂತೆ;
ದೊಡ್ಡದು ಕೊಟ್ಟದ್ದು ಚಿಕ್ಕದಕ್ಕೆ,
ಚಿಕ್ಕದು ಚಿಂತಾಮಣಿಯ ಬೇಕರಿ ಮೇಲಿನ ಏಜೆನ್ಸಿಗೆ,
ಏಜೆನ್ಸಿ ನನಗೆ ಕೊಟ್ಟದ್ದು ಒಂದು ನೀಲಿ ಕೊರಳಪಟ್ಟಿ,
ಹನ್ನೆರಡೂವರೆ ಸಾವಿರ. ಪಿ.ಎಫ್. ಎರಡೂ ಪಾಲು ಅದರಲ್ಲೇ.
ಪಟ್ಟಿಯುದ್ದಕ್ಕೂ ದೊಡ್ಡದರ ಹೆಸರು,
ಕಾರ್ಡಿನ ಹಿಂದೆ ಇರುವೆಗಾತ್ರದ ಅಕ್ಷರದಲ್ಲಿ:
ಇವರು ನಮ್ಮ ನೌಕರರಲ್ಲ.

ಟಿಕೆಟ್ ಹಾಕಿದೆ.
ಆದ್ಯತೆ ಒಂದನ್ನು ಒತ್ತುವ ಅಧಿಕಾರ ನನ್ನ ಲಾಗಿನ್ನಿಗಿಲ್ಲ.
ಮೂರು ಒತ್ತಿದೆ. ಮೂರಕ್ಕೆ ಎಪ್ಪತ್ತೆರಡು ಗಂಟೆ.
ಮೇಲೂರಿನ ದ್ಯಾವಪ್ಪ ಎರಡು ದಿನ ತಡವಾಗಿ ಗೂಡು ಬಿಡಿಸಿ ತಂದಿದ್ದ,
ಕಿವಿಯ ಹತ್ತಿರ ಒಂದನ್ನು ಅಲ್ಲಾಡಿಸಿ ನೋಡುತ್ತಿದ್ದ.
ಎಪ್ಪತ್ತೆರಡು ಗಂಟೆಯಲ್ಲಿ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತೆ.
ತೂತಾದ ಗೂಡಿಗೆ ರೇಟಿಲ್ಲ.
(ಹುಳಕ್ಕೆ ನನ್ನನ್ನು ಹೋಲಿಸಬೇಡಿ, ಕವಿತೆ ಅಂದ ತಕ್ಷಣ.
ಹುಳು ತನ್ನ ಮನೆ ತಾನೇ ಕಟ್ಟುತ್ತೆ. ನನ್ನದು ಬಾಡಿಗೆ.)

ಸಹಾಯವಾಣಿಯ ಹುಡುಗ
‘ಒಮ್ಮೆ ಆಫ್ ಮಾಡಿ ಆನ್ ಮಾಡಿ ಮೇಡಂ’ ಅಂದ.
ಅವನ ಹಿಂದೆ ನೂರು ದನಿ,
ಎಲ್ಲೋ ಪಿಂಚಣಿ ನಿಂತಿದೆ, ಎಲ್ಲೋ ಪಡಿತರ, ಎಲ್ಲೋ ಪಹಣಿ.
ಅವನ ಕೊರಳಲ್ಲೂ ಒಂದು ಪಟ್ಟಿ ಇರಬೇಕು.
‘ಊಟ ಆಯ್ತಾ?’ ಅಂದೆ, ಸುಮ್ಮನೆ.
ಆ ಕಡೆ ಒಂದು ಗಳಿಗೆ ಏನೂ ಇಲ್ಲ.
‘ಈ ಕರೆ ರೆಕಾರ್ಡ್ ಆಗ್ತಿದೆ ಮೇಡಂ.’

ಸಾಹೇಬರು ಬಂದು ಬೈದರು.
ಅವರಿಗೂ ಮೇಲಿನಿಂದ ಬಿದ್ದದ್ದೇ, ನನ್ನ ತನಕ ಬಂದು ನಿಂತಿತು;
ನನ್ನ ಕೆಳಗೆ ಬರೀ ಕುರ್ಚಿ.

ಆಮೇಲೆ ಅಮೀರ್‌ಜಾನ್ ಸಾಬರೇ ತೂಕದ ಕಟ್ಟೆ ಹತ್ತಿ
ಕೂಗು ಹರಾಜು ಶುರು ಮಾಡಿಸಿದರು, ಹಳೇ ಕಾಲದ ಹಾಗೆ.
ಮಾರ್ಕೆಟ್ಟಿಗೆ ದನಿ ಬಂತು.
ತೆಲುಗಿನಲ್ಲಿ ಒಬ್ಬ ಏರಿಸಿದರೆ ಉರ್ದುವಿನಲ್ಲಿ ಇನ್ನೊಬ್ಬ,
ಅಂಕಿ ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು.
ನಾನು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆಯುತ್ತಾ ಹೋದೆ,
ಹತ್ತನೇ ತರಗತಿಯ ನಂತರ ಇಷ್ಟು ಬರೆದದ್ದು ಇದೇ ಮೊದಲು.
ಪ್ರತಿ ಸಾಲಿಗೂ ಬಂದು ರುಜು ಹಾಕಿದರು,
ಕುದಿನೀರಲ್ಲಿ ಬೆಂದು ಬೆಳ್ಳಗಾದ ಬೆರಳುಗಳು.

ಮೂರೂವರೆಗೆ ಪರದೆ ತಾನಾಗೇ ಕಣ್ಣು ಬಿಟ್ಟಿತು.
ತಿಂಗಳ ವರದಿಯಲ್ಲಿ ಅಡಚಣೆ: ಸೊನ್ನೆ ನಿಮಿಷ.
ಟಿಕೆಟ್ ಮುಚ್ಚಲಾಗಿದೆ. ಕಾರಣ: ಬಳಕೆದಾರರ ಕಡೆಯ ತೊಂದರೆ.
ಕೆಳಗೆ ನನ್ನ ಸಹಿ ಬೇಕಿತ್ತು.
ಹಾಕಿದೆ.

ಏಪ್ರಿಲ್ಲಿಗೆ ಟೆಂಡರ್ ಬೇರೆಯವರ ಪಾಲಾಯಿತು.
ಅದೇ ಕುರ್ಚಿ, ಅದೇ ಚಕ್ರ, ಕಿತ್ತಳೆ ಪಟ್ಟಿ.
ಸೇರಿದ ದಿನಾಂಕ: ಏಪ್ರಿಲ್ ಒಂದು.
ಮೂರು ವರ್ಷ ನಾನು ಎಲ್ಲಿದ್ದೆ ಅಂತ ಯಾರೂ ಕೇಳಲಿಲ್ಲ,
‘ಏನಮ್ಮಾ ಸರ್ಕಾರ, ಬಣ್ಣ ಬದಲಾಯ್ತು?’
ಅಂದವರು ಒಬ್ಬರೇ.

ಹಸ್ತಾಂತರದ ಪಟ್ಟಿ ತುಂಬಿಕೊಟ್ಟೆ:
ಮೌಸು ಒಂದು, ಕೇಬಲ್ಲು ಎರಡು, ನೀಲಿ ಪಟ್ಟಿ ಒಂದು.
ನೋಟುಬುಕ್ಕು ಅಂತ ಅದರಲ್ಲಿ ಕಾಲಮ್ಮೇ ಇರಲಿಲ್ಲ.
ಹಾಗಾಗಿ ಅದು ನಮ್ಮ ಮನೆಯಲ್ಲಿದೆ.
ಲಾಟು ಇನ್ನೂರ ಏಳು. ದ್ಯಾವಪ್ಪ, ಮೇಲೂರು.
ನಲವತ್ತೊಂದು ಕೆಜಿ ಮುನ್ನೂರು ಗ್ರಾಂ.
ಪಕ್ಕದಲ್ಲಿ ಒದ್ದೆ ಹೆಬ್ಬೆರಳು ತಾಗಿ
ಸ್ವಲ್ಪ ಹರಡಿಕೊಂಡ ಶಾಯಿ.