ಚಿಮಣಿ ಆರಿದ ತಿಂಗಳು

ಚಿಂಬೋಟೆಯಲ್ಲಿ ಮೀನುಹಿಟ್ಟಿನ ಕಾರ್ಖಾನೆ ಉರಿಯುವಾಗ
ಒಣಹಾಕಿದ ಬಟ್ಟೆಗೂ ಬ್ರೆಡ್ಡಿಗೂ ಹೆಂಡತಿಯ ಹೆರಳಿಗೂ
ಒಂದೇ ವಾಸನೆ.
ಹೊರಗಿನವರು ಬಸ್ಸಿನ ಕಿಟಕಿ ಮುಚ್ಚಿಕೊಳ್ಳುತ್ತಾರೆ.
ನಾವು ಅದನ್ನು ದುಡ್ಡಿನ ವಾಸನೆ ಎನ್ನುತ್ತೇವೆ.

ಆ ಹೊಗೆಯಲ್ಲೇ ನನ್ನ ಆರು ವರ್ಷದ ಯಾದಿರ್
ಗೋಡೆಗೆ ಚೆಂಡು ಒದೆಯುತ್ತ ಕತ್ತಲಾಗುವವರೆಗೆ ಓಡುತ್ತಾನೆ.
ಕೆಮ್ಮುತ್ತಾನೆ, ನಿಜ.
ಈ ಬೀದಿಯ ಎಲ್ಲ ಮಕ್ಕಳೂ ಕೆಮ್ಮುತ್ತವೆ.

ಆಮೇಲೆ ಮೀನು ಮೊಟ್ಟೆಯಿಡುವ ಕಾಲ.
ಸರ್ಕಾರ ಕಡಲಿಗೆ ಬೀಗ ಹಾಕುತ್ತದೆ.
ದೋಣಿಗಳು ಲಂಗರಿನಲ್ಲಿ ತೂಕಡಿಸುತ್ತವೆ,
ಪೆಲಿಕನ್‌ಗಳು ಸಾಲ ಕೇಳಲು ಬಂದವರಂತೆ ಧಕ್ಕೆಯ ಮೇಲೆ ನಿಂತಿರುತ್ತವೆ.
ಗಾಳಿ ಎಷ್ಟು ತಿಳಿಯೆಂದರೆ
ಕೊಲ್ಲಿಯಾಚೆಯ ದ್ವೀಪ ಕೈಗೆ ಸಿಗುವಂತೆ ಕಾಣುತ್ತದೆ.

ಮಗನಿಗೆ ಉಬ್ಬಸ ಏಳುವುದು ಆಗ.

ಗ್ಯಾಸಿನಂಗಡಿ ಕೊಟ್ಟ ಕ್ಯಾಲೆಂಡರಿನಲ್ಲಿ
ಪಂಪು ಒತ್ತಿದ ರಾತ್ರಿಗಳಿಗೆ ನೆಲಿದಾ ನೀಲಿ ಗೀಟು ಹಾಕಿದ್ದಳು.
ಕಂತು ಕಟ್ಟುವ ದಿನಗಳಿಗೆ ನನ್ನ ಕೆಂಪು ಗೀಟು.
ಎರಡೂ ಸದಾ ಅಕ್ಕಪಕ್ಕ ಬಂದವು ಎಂದರೆ ಸುಳ್ಳು.
ಕೆಲವು ಬಂದವು. ಕೆಲವು ಇಲ್ಲ.

ಆರೋಗ್ಯ ಕೇಂದ್ರದ ನರ್ಸು ಎದೆಲ್ಮಿರಾ
ಅವನ ಬೆನ್ನಿಗೆ ಸ್ಟೆತಾಸ್ಕೋಪು ಒತ್ತಿ ಕೇಳಿದಳು:
ಮನೆಯಲ್ಲಿ ಬೆಕ್ಕು? ಇಲ್ಲ. ಗೋಡೆಗೆ ಬೂಷ್ಟು? ಸ್ವಲ್ಪ.
ಸಿಗರೇಟು? ಬಿಟ್ಟಿದ್ದೇನೆ, ಕಾಸಿಲ್ಲ.
ಬರೆಯುತ್ತಲೇ, ತಲೆಯೆತ್ತದೆ, ಮತ್ತೆ ಕೇಳಿದಳು:
ನೀವು ನಿದ್ದೆ ಮಾಡುತ್ತೀರಾ?

ಕಾಯಿಲೆ ನನಗಲ್ಲ, ಎಂದೆ.
ಗೊತ್ತು, ಎಂದಳು.
ಆ ಜಾಗ ಖಾಲಿ ಬಿಟ್ಟು ಕಾಗದ ಮಡಚಿದಳು.

ಮಾಡುವುದಿಲ್ಲ.
ಮಂಚದ ಅಂಚಿನಲ್ಲಿ ಕೂತು ನನ್ನ ಚಪ್ಪಲಿಗಳನ್ನೇ ನೋಡುತ್ತಿರುತ್ತೇನೆ.
ನೆಲಿದಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ,
ನೀರು ಬಾರದ ದಿನಗಳಲ್ಲೂ.
ಇಬ್ಬರೂ ಮಾಡಿಕೊಂಡ ಒಪ್ಪಂದ ಒಂದೇ:
ಬ್ಯಾಂಕಿನ ಕಾಗದದ ವಿಷಯ ಉಸಿರೆತ್ತಬಾರದು,
ಮಗುವಿನ ಮುಂದೆ ಉಸಿರು ಬಿಡಬಾರದು.

ಎತ್ತಲಿಲ್ಲ. ಬಿಡಲಿಲ್ಲ.
ಹನ್ನೊಂದು ಹೆಜ್ಜೆಯ ಕೋಣೆಯಲ್ಲಿ
ಇಬ್ಬರು ಬಿಗಿಹಿಡಿದ ಉಸಿರು ಎಲ್ಲಿಗೆ ಹೋದೀತು?
ಇದ್ದದ್ದು ಇನ್ನೊಂದೇ ಎದೆ. ಚಿಕ್ಕದು. ಅಗಳಿ ಇಲ್ಲದ್ದು.
(ಇದು ಡಾಕ್ಟರ ಮಾತಲ್ಲ,
ನಿದ್ದೆಗೆಟ್ಟವನ ಲೆಕ್ಕ.)

ನಿನ್ನೆ ಮೂರು ಗಂಟೆಗೆ ಎದ್ದು ಕೂತ.
ಇಲ್ಲದ ಬೆಕ್ಕು ಎದೆಯೊಳಗೆ ಮರಿ ಹಾಕಿದಂತೆ ಸದ್ದು.
ಪಂಪು ಒತ್ತಿದೆ. ಹತ್ತು ಎಣಿಸುವವರೆಗೆ ಹಿಡಿದುಕೋ, ಎಂದೆ,
ಅವನ ಜೊತೆ ನಾನೂ ಹಿಡಿದೆ, ಒಂದು, ಎರಡು,
ಅವನು ಬಿಟ್ಟಾಗಲೂ ನಾನು ಹಿಡಿದೇ ಇದ್ದೆ.

ಪಪಾ, ಹತ್ತಾಯ್ತು, ಎಂದ. ಬಿಡು.

ಬಿಟ್ಟೆ.
ದುಡ್ಡಿಲ್ಲ ಮಗನೇ, ಎಂದಿತು ಬಾಯಿ,
ನನಗೆ ಹೆದರಿಕೆ.

ಗೊತ್ತು, ಎಂದ, ನರ್ಸಿನಷ್ಟೇ ಸಲೀಸಾಗಿ.
ಮೀನು ಮೊಟ್ಟೆಯಿಟ್ಟು ಮುಗಿಸಲು ಇನ್ನೆಷ್ಟು ದಿನ?

ಬಚ್ಚಲಲ್ಲಿ ನಲ್ಲಿ ತಿರುಗಿಸಿದ ಸದ್ದು.
ನೆಲಿದಾ ಒದ್ದೆ ಮುಖದಲ್ಲೇ ಹೊರಗೆ ಬಂದಳು.
ಮರಿಗಳು ಕೂಗುವುದನ್ನು ನಿಲ್ಲಿಸಲಿಲ್ಲ.
ಅವು ದಣಿಯುವವರೆಗೆ
ದೀಪ ಹಾಕಿಕೊಂಡು ಮೂವರೂ ಕೂತೆವು,
ಇಪ್ಪತ್ತಮೂರು ದಿನ, ಎಂದು ಎಣಿಸಿ ಹೇಳಿದೆ.