ಕೆಚ್ಚು

ನನ್ನ ಸ್ಟುಡಿಯೋದಲ್ಲಿ ಇರುವುದು ಒಂದೇ ಕರಿ ಕೋಟು.
ಮಂಡಿಪೇಟೆಯ ಅರ್ಧ ಗಂಡಸರು
ಅದರೊಳಗೆ ಹೊಕ್ಕು, ಉಸಿರು ಹಿಡಿದು,
ಪಾಸ್‌ಪೋರ್ಟ್ ಅಳತೆಗೆ ಕುಗ್ಗಿ ಹೊರಬಂದಿದ್ದಾರೆ.
ಎರಡನೆಯ ಗುಂಡಿ
ಒಂಟಿ ಎಳೆಯಲ್ಲಿ ಹನ್ನೊಂದು ವರ್ಷದಿಂದ ತೂಗುತ್ತಿದೆ.
ಹೊಲಿಯಬೇಕು, ಹೊಲಿಯಬೇಕು ಅನ್ನುತ್ತಲೇ
ಗುಂಡಿಯ ಮೇಲಿನಿಂದ ಚೌಕಟ್ಟು ಕಟ್ಟುತ್ತೇನೆ.

ಅಪ್ಪನಿಗೆ ಗಿರಣಿಯಲ್ಲಿ ನೂಲಿನ ಖಾತೆ.
ಮನೆಗೆ ಬಂದರೆ ಕಿವಿಯೊಳಗೆ ಹತ್ತಿ,
ಬುತ್ತಿ ಡಬ್ಬಿಯ ಮುಚ್ಚಳದ ಸಂದಿಗೂ ಹತ್ತಿ.
ಅವನದೊಂದೇ ಫೋಟೊ ಉಳಿದಿದೆ, ನಾನು ತೆಗೆದದ್ದಲ್ಲ.
ಹುಬ್ಬು ಬೆಳ್ಳಗಿದೆ. ನೋಡಿದವರು,
ಆಗಲೇ ಅಷ್ಟು ವಯಸ್ಸಾಗಿತ್ತೇ, ಅನ್ನುತ್ತಾರೆ.
ಮೂವತ್ತೊಂದು.
ಅದು ಹತ್ತಿ.

ಬಾಡಿಗೆಯ ಮ್ಯಾಕ್ರೋ ಲೆನ್ಸು ಹೆಗಲಿಗೆ ಹಾಕಿಕೊಂಡು
ಮೊಳಕಾಲ್ಮೂರಿಗೆ ಹೊರಟದ್ದು
ಈ ಹುಬ್ಬಿನ ದೆಸೆಯಿಂದ ಎಂದು ಯಾರಿಗೂ ಹೇಳಲಿಲ್ಲ.
ದುರ್ಗದಲ್ಲಿ ಬಸ್ಸು ಬದಲಿಸುವಾಗ ಕೋಟೆ ಕಂಡಿತು.
ಕೆಚ್ಚು ಅಂದರೆ ಅದು, ಎಂದು ಬೆರಳು ತೋರಿಸಿ
ಪ್ರವಾಸದಲ್ಲಿ ಮೇಷ್ಟ್ರು ಹೇಳಿದ್ದರು.
ಚೌಡಕ್ಕನ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥ:
ಮುಗಿದ ಸೀರೆಯ ಹಾಸಿನ ತುದಿ ಇತ್ತ,
ಹೊಸ ಹಾಸಿನ ತುದಿ ಅತ್ತ,
ಬೆರಳಿಗೆ ಚಿಟಿಕೆ ಬೂದಿ,
ಎಳೆಗೆ ಎಳೆ ಒತ್ತಿ ಒಂದು ಹೊಸೆತ.
ಗಂಟಿಲ್ಲ. ಗುರುತಿಲ್ಲ.
ಇಂಥವು ನಾಲ್ಕು ಸಾವಿರ ಚಿಲ್ಲರೆ.
"ಅಚ್ಚು ಕೆಚ್ಚೋದು ಅಂತೀವಪ್ಪ ನಾವು.
ನಿಮ್ಮೂರಾಗೆ ಏನಂತಾರೋ."
ನಮ್ಮೂರಲ್ಲಿ ಈಗ ಏನೂ ಅನ್ನುವುದಿಲ್ಲ, ಅಕ್ಕ.

ಕಿಟಕಿಯಿಂದ ಒಂದು ಗೇಣು ಬೆಳಕು
ಹಾಸಿನ ಮೇಲೆ ಕೂತಿತ್ತು, ಮೈ ಭಾರ ಬಿಡದೆ.
ಅರವತ್ತರಲ್ಲೊಂದು ಸೆಕೆಂಡಿಗೆ ಎಳೆ ಸಿಕ್ಕಿತು, ಕೈ ಹೊಗೆ.
ನೂರಿಪ್ಪತ್ತೈದಕ್ಕೂ ಕೈ ಹೊಗೆ.
ಐನೂರಕ್ಕೆ ಏರಿಸಿದರೆ ಮನೆಯೇ ಕತ್ತಲೆ.
ಒಂಚೂರು ನಿಧಾನ ಮಾಡಕ್ಕ, ಅಂದೆ.
ಮಾಡಿದಳು, ಪಾಪ.
ಪದ ಹೇಳುತ್ತಿದ್ದವಳು ನಡುವೆ ಅಕ್ಷರ ಎಣಿಸಿದ ಹಾಗೆ
ಬೆರಳು ತಡವರಿಸಿ, ನಿಂತು, ಮತ್ತೆ ನಡೆದವು.
"ನಿಧಾನ ಅಂದ್ರೆ ಬೆರಳಿಗೆ ಮರೆವು ಬರ್ತೈತೆ ಕಣಪ್ಪ."
ಆ ಗಳಿಗೆಯೇ ನನಗೆ ದಕ್ಕಿದ ಚಿತ್ರ:
ಉಗುರಿನ ಸಂದಿಯ ಬೂದಿ ಕೂಡ ಕಾಣುವಷ್ಟು ನಿಚ್ಚಳ.

ತೋರಿಸಿದೆ. ಮುಖ ಚೆನ್ನಾಗಿ ಬಂದಿದೆಯೇ ಎಂದು ಕೇಳುತ್ತಾಳೇನೋ ಅಂದುಕೊಂಡಿದ್ದೆ.
ಮುಖವೇ ಇರಲಿಲ್ಲ ಅದರಲ್ಲಿ, ಅದು ನನಗಾಗ ಹೊಳೆಯಿತು.
"ದೊಡ್ಡದು ಮಾಡು."
ಮಾಡಿದೆ.
"ಇನ್ನೂ."
ಕ್ಯಾಮೆರಾದ ಪುಟ್ಟ ಗಾಜಿಗೆ ಮೂಗು ತಾಗುವಷ್ಟು ಬಾಗಿ
ಒಮ್ಮೆಲೇ ನಕ್ಕಳು:
"ನೋಡಿಲ್ಲಿ, ಮದುವೆ ಮನೆಯಾಗೆ ಹೆಣ್ಣು ಅದಲುಬದಲಾಗೈತೆ!
ಇದರ ಎಳೆ ಅದಕ್ಕೆ, ಅದರದ್ದು ಇದಕ್ಕೆ.
ನೀನು ನಿಧಾನ ಅಂದೆಯಲ್ಲ, ಅಲ್ಲೇ."
ಎದ್ದು ಹೋಗಿ, ಸಾವಿರದ ನಡುವಿನ ಆ ಎರಡನ್ನು
ಹೇಗೆ ಹುಡುಕಿದಳೋ, ಬಿಚ್ಚಿ ಹೊಸೆದು ಬಂದು
ಕೈ ಒರೆಸಿಕೊಂಡು ಟೀ ಕೊಟ್ಟಳು.
ಟೀಯಲ್ಲೂ ಒಂದಿಷ್ಟು ಬೂದಿ.

ಆ ಹಾಸು ಸೀರೆಯಾಗಿ ಎಂದೋ ಹೋಯಿತು.
ಯಾರ ಹೆಗಲ ಮೇಲಿದೆಯೋ,
ಎಳೆ ಎಳೆಯೂ ತನ್ನ ಜೊತೆಯನ್ನೇ ಹಿಡಿದು.
ತಪ್ಪು ಉಳಿದದ್ದು ನನ್ನ ಗೋಡೆಯಲ್ಲಿ ಮಾತ್ರ,
ಹನ್ನೆರಡಕ್ಕೆ ಹದಿನೆಂಟು ಇಂಚು, ಗಾಜು ಹಾಕಿಸಿ.
ಕೋಟು ತೊಟ್ಟು ಸರದಿ ಕಾಯುವವರು
ಮಳೆಯೇ ಸಾರ್ ಇದು, ಅನ್ನುತ್ತಾರೆ. ಒಬ್ಬರು, ಕೂದಲೇ, ಅಂದರು.
ತಪ್ಪಿದೆ ಎಂದು ಯಾರೂ ಹೇಳಿಲ್ಲ.
ನಾನು ಅಪ್ಪನ ಹುಬ್ಬು ನೆನೆದು ಸುಮ್ಮನಿರುತ್ತೇನೆ.

ನಿನ್ನೆ ಗುಂಡಿ ಉದುರಿತು.
ಉಸಿರು ಹಿಡಿಯಿರಿ, ಅಂದೆ. ಗಿರಾಕಿ ಹಿಡಿದ, ಎಳೆ ಬಿಟ್ಟಿತು.
ಕೋಟಿನಲ್ಲಿ ಆ ತುಂಡು ಇನ್ನೂ ನೇತಾಡುತ್ತಿದೆ,
ಬಳಸಿ ಬಳಸಿ ಕರಿಯಲ್ಲ, ಕಂದು.
ಸೂಜಿ ಮೇಜಿನ ಮೇಲಿದೆ. ದಾರವೂ ಇದೆ.
ಹೊಲಿಯುವ ಮೊದಲು ಒಂದು ಫೋಟೊ ತೆಗೆದುಬಿಡಲೇ ಎಂದು
ಬೆಳಗಿನಿಂದ ಬೆಳಕು ನೋಡುತ್ತಿದ್ದೇನೆ.