ಹೊರರಾಜ್ಯ

ಕಮಲನಗರದ ಸ್ಟೇಷನ್ ರೋಡಿನ್ಯಾಗ
ಸುಗಲಾಬಾಯಿಯವರ ಹಿಂಡಿ ದುಕಾನಕ್ಕ ಈಗ ಬಾಗಿಲಿಲ್ಲ.
ಬರೇ ಒಂದು ಪರದೆ:
ಅಗಸಿ ಹಿಂಡಿ, ಶೇಂಗಾ ಹಿಂಡಿ, ಗುರೆಳ್ಳು,
ಕಟಕ ರೊಟ್ಟಿ ಹತ್ತರ ಕಟ್ಟು,
ಫೋಟೋ, ಬೆಲಿ,
ಬೆಲಿ ಕೆಳಗ ನಾ ಕೂಡಿಸಿದ ಟ್ಯಾಕ್ಸು.

ಮೊದಲ ವಾರ ಎಲ್ಲಾರಿಗೂ ಒಂದೇ ನಮೂನಿ ಹಾಕಿದ್ದೆ.
ಭಾಲ್ಕಿಯಿಂದ ಬಂದ ಮಿನ್ಹಾಜ್ ಸಾಹೇಬ್ರು
ಕನ್ನಡಕ ಹಣಿಗೇರಿಸಿ, ಚಾ ಆರಲಿಕ್ಕೆ ಬಿಟ್ಟು, ಅಂದ್ರು:
"ಬೇಟಿ, ಮಾಲು ಎಲ್ಲಿಂದ ಹೊಂಟದ ಅಂತ ನೋಡಿದ್ರ ಮುಗೀಲಿಲ್ಲ.
ಎಲ್ಲಿ ಹೋಗಿ ಇಳೀತದ, ಅದು ಕೇಳು."

ಅವತ್ತಿನಿಂದ ಕೇಳ್ಲತ್ತೀನಿ.
ಹೆಸರಿಗಿಂತ ಮೊದಲ ಆರು ಅಂಕಿ.
ಐದರಿಂದ ಶುರುವಾದ್ರ ನಮ್ಮವ್ರು ಅಂದ್ಕೊಂಡಿದ್ದೆ,
ಝಹೀರಾಬಾದಕ್ಕೂ ಐದೇ ಅದ.
ನಾಲ್ಕಂದ್ರ ಮಹಾರಾಷ್ಟ್ರ ಅಂದ್ಕೊಂಡೆ,
ಅದರ ಬಗಲಾಗ ಗೋವಾ ಸುಮ್ಮನ ಕುಂತದ.
ಎರಡನೇ ಅಂಕಿ ತನಕ ಯಾರನ್ನೂ ನಂಬಬಾರದು.

ನಮ್ಮ ರಾಜ್ಯದಾಗ ಇಳಿದ್ರ ಟ್ಯಾಕ್ಸು ಎರಡು ಹೋಳು,
ಒಂದು ದಿಲ್ಲಿಗೆ, ಒಂದು ಬೆಂಗಳೂರಿಗೆ,
ಪಾಲಾದ ಅಣ್ಣತಮ್ಮರ ಹೊಲದಂಗ.
ಗಡಿ ದಾಟಿದ್ರ ಹೋಳಿಲ್ಲ, ಇಡೀ ಒಂದೇ ಮುದ್ದಿ.
ತಗೊಳ್ಳವ್ರಿಗೆ ರೊಕ್ಕ ಅಷ್ಟಕ್ಕಷ್ಟೇ.
ಖಾನೆ ಬ್ಯಾರೆ, ಅಷ್ಟೇ.
ಆದ್ರ ಖಾನೆ ತಪ್ಪಿತೋ, ಕಟ್ಟಿದ್ದು ಕಟ್ಟಿದಂಗಲ್ಲ:
ಇನ್ನೊಮ್ಮೆ ಕಟ್ಟು,
ಮೊದಲು ಕಟ್ಟಿದ್ದು ವಾಪಸ್ ಕೊಡ್ರಿ ಅಂತ ಅರ್ಜಿ ಬರಿ.

ಮತ್ತ ಈ ಬೆಸ ಪೈಸಾ.
ಏಳು ಪೈಸಾ ಹೋಳು ಮಾಡಿದ್ರ ಮೂರೂವರಿ, ಮೂರೂವರಿ.
ಅರ್ಧ ಪೈಸಾ ಯಾರ ಕಿಸೇದಾಗದ?
ಎರಡೂ ಕಡಿ ನಾಲ್ಕು ಬರೆದೆ.
ತಿಂಗಳ ಕೊನಿಗೆ ಮೂವತ್ತೊಂಬತ್ತು ಪೈಸಾ ಹೆಚ್ಚಾಗಿ
ರಾತ್ರಿ ಹನ್ನೊಂದರ ತನಕ ಹುಡುಕಿದೆ.
ಸುಗಲಾಬಾಯಿ ನಿದ್ದಿಗಣ್ಣಾಗ ಬಂದು ಕೇಳಿದ್ರು,
"ಮೂವತ್ತೊಂಬತ್ತು ಪೈಸಾ ಹುಡುಕಲಿಕ್ಕೆ
ಎಷ್ಟು ರೂಪಾಯಿ ಕರೆಂಟು ಸುಟ್ಟಿ?"

ಹಿಂಡಿ ಕುಟ್ಟುವಾಕಿ ಅವರ ಅತ್ತಿ, ತಾನಾಬಾಯಿ.
ಎಲ್ಲಾರಿಗೂ ಆಯಿ.
ಉದಗೀರದಾಕಿ. ಹದಿನಾರಕ್ಕ ಬಂಡ್ಯಾಗ ಕುಂತು ಬಂದಾಕಿ.
ಆಗ ಉದಗೀರ ಬೀದರ ಜಿಲ್ಲಾದ ತಾಲೂಕು;
ಕೋರ್ಟು, ಕಚೇರಿ, ಕಲೆಕ್ಟರ ಒಬ್ಬನೇ.
ಎರಡು ವರ್ಷಕ್ಕ ನಕಾಶಿ ಬದಲಾತು.
ಆಕಿ ಎಲ್ಲಿಗೂ ಹೋಗಿರಲಿಲ್ಲ,
ಒಲಿ ಮುಂದ ಕುಂತಿದ್ಳು.

ನಿನ್ನೆ ಆರ್ಡರ್ ಬಂತು:
ಅಗಸಿ ಹಿಂಡಿ, ಅರ್ಧ ಕಿಲೋ,
ಕಿಲ್ಲಾ ಗಲ್ಲಿ, ಉದಗೀರ.
ನಾ ಓದಿದ್ದು ನನಗಷ್ಟೇ,
ಒನಕಿ ನಿಂತಿತು.

"ಯಾರ ಮನಿ?"
ಹೆಸರು ಹೇಳಿದೆ. ಗುರುತಿಲ್ಲ ಅಂದ್ಳು.
"ಎಷ್ಟು ಟ್ಯಾಕ್ಸು?"
ಅಷ್ಟೇ ಆಯಿ, ಆದ್ರ ಖಾನೆ ಬ್ಯಾರೆ. ಹೊರರಾಜ್ಯ.
"ಹೊರಗ ಅಂದ್ರ ಯಾರಿಗೆ ಹೊರಗ?"

ಚಾಮರಾಜನಗರಕ್ಕ ಮೊನ್ನೆ ಕಳಿಸಿದ ರೊಟ್ಟಿ
ಮೂರು ದಿನ ಹಾದಿ ಸವೆಸಿತ್ತು, ಅದು ಒಳಗ.
ಉದಗೀರಕ್ಕ ರೈಲಿನ್ಯಾಗ ಅರ್ಧ ತಾಸು,
ಕಡ್ಲಿಕಾಯಿ ಪೊಟ್ಟಣ ಮುಗಿಯೂದಿಲ್ಲ.
ಇದೆಲ್ಲಾ ಪರದೆಗೆ ಹೇಳಿ ಉಪಯೋಗಿಲ್ಲ.
ಅದು ತಪ್ಪು ಹೇಳ್ಲತ್ತಿಲ್ಲ, ನಾನೇ ಕಲಿಸೀನಿ.

ಆಯಿ ಅಂದ್ಳು, ಅವರಪ್ಪ ಹೇಳ್ತಿದ್ದನಂತ:
ಕರೋಡಗಿರಿ ನಾಕಾದಾಗ ಸಿಪಾಯಿ
ಕಬ್ಬಿಣದ ಸಳಿ ಚುಚ್ಚಿ ಚೀಲ ನೋಡ್ತಿದ್ದ,
ಸಳಿಗೆ ಹತ್ತಿದ ಕಾಳು ತಾನೇ ತಿಂತಿದ್ದ.
"ಅವ ರುಚಿಯಾದ್ರೂ ನೋಡ್ತಿದ್ದ ಬಿಡು."

ಬಿಲ್ಲು ತಗದೆ. ಐನೂರು ಗ್ರಾಮ್,
ಟ್ಯಾಕ್ಸು ಇಡೀ, ಪೈಸಾಕ್ಕ ಪೈಸಾ ಬರಾಬರ್.
ನಾ ಅಂಟಿನ ಪಟ್ಟಿ ಹುಡುಕೂದ್ರಾಗ
ಆಯಿ ಡಬ್ಬಿ ಮುಚ್ಚಳ ತಗದು
ಇನ್ನೊಂದು ಹಿಡಿ ಹಾಕಿ ಒತ್ತಿದ್ಳು.

ತಕ್ಕಡಿ ಐನೂರಾ ನಲವತ್ತೆರಡು ಅಂತು.
ಬಿಲ್ಲಿನ ಮ್ಯಾಲ ಆಕಿ ಹೆಬ್ಬಟ್ಟಿನ ಖಾರ.
ತಿದ್ದುವ ಗುಂಡಿ ಮ್ಯಾಲ ಬೆರಳಿಟ್ಟೆ,
ಆಕಿ ಮತ್ತ ಒನಕಿ ಎತ್ತಿದ್ಳು,
ಪಾರ್ಸಲ್ ಹುಡುಗ ಹೊರಗ ಹಾರ್ನ್ ಹೊಡೀಲತ್ತಿದ್ದ.

ಕೊಟ್ಟು ಕಳಿಸಿದೆ.